ಜಗಲಿಯಲ್ಲಿ ಎರಡು ಟಿವಿ ಪಕ್ಕ ಪಕ್ಕ ಇಟ್ಟು ನೋಡಿದ ನನ್ನ ಅನುಭವ

ಸಾಗರದ ಕಡೆ ಟಿವಿ ರಿಪೇರಿ ಮಾಡುತ್ತಾ ಹದಿನೆಂಟು ವರ್ಷ ಆಯಿತು. ಪಿಕ್ಚರ್ ಟ್ಯೂಬ್ ಕಾಲದಲ್ಲಿ ಶುರು ಮಾಡಿದವನು, ಈಗ ದಿನಕ್ಕೆ ಒಂದಾದರೂ ಬ್ಯಾಕ್‌ಲೈಟ್ ಸ್ಟ್ರಿಪ್, ಅಂದರೆ ಪರದೆಗೆ ಹಿಂದಿನಿಂದ ಬೆಳಕು ಕೊಡುವ ಎಲ್‌ಇಡಿ ಪಟ್ಟಿ, ಬದಲಾಯಿಸುತ್ತೇನೆ. ಹೋದ ವರ್ಷ ನಮ್ಮ ಮನೆಗೇ ಟಿವಿ ತಗೋಬೇಕಾಯಿತು. ಎರಡು ಟಿವಿ ತಂದು, ಒಂದೇ ಸಿಗ್ನಲ್ ಕೊಟ್ಟು, ಬೆಳಕು ಸಮ ಮಾಡಿ, ಕಂಪನಿ ಹೆಸರು ಮುಚ್ಚಿ, ಮನೆಯವರಿಗೆಲ್ಲ ತೋರಿಸಿ ಆರಿಸುತ್ತೇನೆ ಅಂದೆ. ಭಾವ ನಕ್ಕರು. "ಎಂತಾ ಮಾರಾಯ, ಹೆಣ್ಣು ನೋಡೋ ಶಾಸ್ತ್ರಕ್ಕೂ ಇಷ್ಟು ದಿನ ಬೇಡ" ಅಂದರು. ಪೇಟೆಯ ಇನ್ನಿಬ್ಬರು ಮೆಕ್ಯಾನಿಕ್‌ಗಳೂ ಇದು ಆಗೋ ಕೆಲಸ ಅಲ್ಲ ಅಂದರು. ಆಯಿತು. ಅದೇ ಲೆಕ್ಕದಲ್ಲಿ ಈವರೆಗೆ ಏಳು ಮನೆಗೆ ಟಿವಿ ಆರಿಸಿ ಕೊಟ್ಟಿದ್ದೇನೆ, ಭಾವನ ಮನೆಯೂ ಸೇರಿ. ಒಬ್ಬರೂ ಬೇಜಾರು ಮಾಡಿಕೊಂಡಿಲ್ಲ.

ಇದಕ್ಕೆ ಕೈ ಹಾಕಲು ಕಾರಣ 2019ರಲ್ಲಿ ತಿಂದ ಪೆಟ್ಟು. ಆಗ ಶೋರೂಮಿನ ಗೋಡೆ ನೋಡಿ, ಎಲ್ಲರ ಹಾಗೆ ನಾನೂ, 43 ಇಂಚಿನ 4ಕೆ ಒಂದು ತಂದಿದ್ದೆ. ಸುಮಾರು 34 ಸಾವಿರ. ಅಲ್ಲಿ ಹೊಳೆಯುತ್ತಿತ್ತು. ನಮ್ಮದು ಹಳೇ ಮಲೆನಾಡ ಮನೆ, ಜಗಲಿಗೆ ಚಿಕ್ಕ ಕಿಟಕಿ, ಮಳೆಗಾಲದಲ್ಲಿ ಮಧ್ಯಾಹ್ನವೂ ಮಬ್ಬು. ಅಂಥಾ ಜಾಗದಲ್ಲಿ ಹಾಕಿದರೆ ರಾತ್ರಿಯ ದೃಶ್ಯ ಬಂದಾಗ ಕಪ್ಪು ಅನ್ನೋದೇ ಇಲ್ಲ, ಪರದೆಗೆ ಬೂದಿ ಬಳಿದ ಹಾಗೆ. ಐಪಿಎಸ್ ಪ್ಯಾನೆಲ್, ಅಂದರೆ ಪಕ್ಕದಿಂದ ನೋಡಿದರೂ ಚಿತ್ರ ಕೆಡದ, ಆದರೆ ಕಪ್ಪು ಗಟ್ಟಿಯಾಗಿ ಬಾರದ ಪರದೆ. ಅದಕ್ಕೆ ಸಿಕ್ಕಿದ್ದು ಕತ್ತಲೆ ಕೋಣೆ. ನಮ್ಮಂಥ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರೋದೇ, ಆದರೂ ಶೋರೂಮಿನ ಟ್ಯೂಬ್‌ಲೈಟ್ ಕೆಳಗೆ ನನ್ನ ಕಣ್ಣೂ ಮೋಸ ಹೋಯಿತು. ಕೊನೆಗೆ ಪರಿಚಯದವರಿಗೆ 17 ಸಾವಿರಕ್ಕೆ ಕೊಟ್ಟೆ. ಅರ್ಧ ದುಡ್ಡು ನೀರಿನಲ್ಲಿ ಹೋಯಿತು.

ಮೊದಲ ಪ್ರಯತ್ನ ಕಳೆದ ವರ್ಷ ಮೇ ತಿಂಗಳಲ್ಲಿ. ನಾನು ಇನ್‌ಸ್ಟಲೇಶನ್ ಮಾಡಿಕೊಡುವ ಒಬ್ಬ ಡೀಲರ್ ಡಿಸ್‌ಪ್ಲೇಗೆ ಇಟ್ಟಿದ್ದ ಟಿವಿ ಕೊಟ್ಟಿದ್ದರು. ಗೀರು ಬಿದ್ದರೆ ನೀವೇ ತಗೋಬೇಕು ಅನ್ನೋ ಮಾತಿನ ಮೇಲೆ. ಎರಡನೇ ದಿನ ಸಂಜೆ ಸಿಡಿಲು ಬಡಿಯಿತು. ಪ್ಲಗ್ ಕಿತ್ತಿದ್ದೆ, ಡಿಶ್ ಕೇಬಲ್ ಕಿತ್ತಿರಲಿಲ್ಲ. ಡಿಶ್‌ನಿಂದ ಬಾಕ್ಸ್, ಬಾಕ್ಸ್‌ನಿಂದ ಎಚ್‌ಡಿಎಂಐ ಕೇಬಲ್, ಹಾಗೇ ಟಿವಿಯ ಮೇನ್‌ಬೋರ್ಡ್‌ಗೆ. ಗಿರಾಕಿಗಳಿಗೆ ವರ್ಷಕ್ಕೆ ನೂರು ಸಲ ಹೇಳುವ ಮಾತನ್ನು ನಾನೇ ಮರೆತಿದ್ದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬೋರ್ಡ್ ತರಿಸಿ ಹಾಕಿ ಕೊಟ್ಟೆ, 2,600 ರೂಪಾಯಿ ಚಿಲ್ಲರೆ. ಬಸ್ ಚಾರ್ಜು ಬೇರೆ.

ಜೂನ್‌ನಲ್ಲಿ ಸ್ಪ್ಲಿಟರ್ ಕಾಟ. ಒಂದೇ ಸಿಗ್ನಲ್ ಅನ್ನು ಎರಡು ಟಿವಿಗೆ ಹಂಚುವ, 600 ರೂಪಾಯಿಯ ಒಂದು ಎಚ್‌ಡಿಎಂಐ ಸ್ಪ್ಲಿಟರ್ ತಂದು, ಲ್ಯಾಪ್‌ಟಾಪ್‌ನಿಂದ ನನ್ನ ಅಂಗಡಿಯ ಹಳೇ ಫುಲ್ ಎಚ್‌ಡಿ ಸೆಟ್ಟಿಗೂ ಒಂದು 4ಕೆಗೂ ಕೊಟ್ಟೆ. 4ಕೆ ಚಿತ್ರ ಮಸುಕು. ಎರಡು ದಿನ ಆ ಟಿವಿಯನ್ನೇ ಬೈದೆ. ಆಮೇಲೆ ಇನ್ಫೋ ಬಟನ್ ಒತ್ತಿ ನೋಡಿದರೆ 1920 x 1080 ಅಂತ, ಅಂದರೆ ಬರೀ ಫುಲ್ ಎಚ್‌ಡಿ ಅಂತ ತೋರಿಸುತ್ತಿದೆ. ಸಣ್ಣ ಟಿವಿಗೆ ಏನು ಸಾಧ್ಯವೋ ಅದನ್ನೇ ಸ್ಪ್ಲಿಟರ್ ಲ್ಯಾಪ್‌ಟಾಪ್‌ಗೆ ಹೇಳಿ ಎರಡಕ್ಕೂ ಅದನ್ನೇ ಹಂಚಿತ್ತು. ಹಾಗಾಗಿ ಒಂದು ಮಾತು: ಹೋಲಿಸುವ ಎರಡೂ ಟಿವಿ ಒಂದೇ ರೆಸಲ್ಯೂಶನ್‌ನದ್ದಾಗಿರಲಿ, ಸ್ಪ್ಲಿಟರ್ 4ಕೆ 60 ಹರ್ಟ್ಸ್ ಕಳಿಸುವಂಥದ್ದಾಗಿರಲಿ. ನನ್ನದು ಆಮೇಲೆ ತಂದದ್ದು, 1,900 ಕೊಟ್ಟ ನೆನಪು. ಕೇಬಲ್ ಎರಡೂ ಒಂದೇ ಉದ್ದ, ಒಂದೇ ತಯಾರಿ.

ಮೊಬೈಲ್‌ನಲ್ಲಿ ಫೋಟೋ ತೆಗೆದು ಹೋಲಿಸೋದೂ ಮಾಡಿದೆ. ದಂಡ. ಫೋನು ತಾನೇ ಬೆಳಕು ಸರಿ ಮಾಡಿಕೊಳ್ಳುತ್ತದೆ, ಬೂದಿಯನ್ನೂ ಕಪ್ಪು ಮಾಡಿ ತೋರಿಸುತ್ತದೆ. ಪ್ರೊ ಮೋಡ್‌ನಲ್ಲಿ ಐಎಸ್‌ಒ 100, ಶಟರ್ 1/25ಕ್ಕೆ ಕಟ್ಟಿ ಹಾಕಿದರೆ ಸ್ವಲ್ಪ ಪರವಾಗಿಲ್ಲ, ಆದರೂ ಕಣ್ಣಿನ ಮುಂದೆ ಅದು ಏನೂ ಅಲ್ಲ.

ಆಗಸ್ಟ್‌ನಲ್ಲಿ, ಚೌತಿಗೆ ಒಂದು ವಾರ ಮುಂಚೆ, ಅದೇ ಡೀಲರ್ ಎರಡು 55 ಇಂಚು ಕೊಟ್ಟರು. ಬೋರ್ಡ್ ಹಾಕಿ ಕೊಟ್ಟಿದ್ದರಿಂದ ನಂಬಿಕೆ ಉಳಿದಿತ್ತು. ಒಂದು ಕ್ಯೂಎಲ್‌ಇಡಿ ಸ್ಟಿಕ್ಕರಿನದು, 46 ಸಾವಿರ. ಇನ್ನೊಂದು ಸುಮ್ನೆ ಎಲ್‌ಇಡಿ, 41 ಸಾವಿರ. ಎರಡೂ 4ಕೆ. ಅಂಗಡಿಯಲ್ಲಿ ನಮ್ಮನೆಯವರೆಲ್ಲ ಒಂದೇ ಬಾಯಲ್ಲಿ ದುಬಾರಿಯದಕ್ಕೇ ಕೈ ತೋರಿಸಿದ್ದರು. ನಾನು ಏನೂ ಹೇಳಲಿಲ್ಲ.

ಮೊದಲು ಎರಡರದೂ ಸೆಟ್ಟಿಂಗ್ ಒಂದೇ ಮಾಡಿದೆ. ಸ್ಟೋರ್ ಮೋಡ್‌ನಿಂದ ಹೋಮ್ ಮೋಡ್, ಚಿತ್ರ ಸಿನಿಮಾ ಮೋಡ್, ಇಕೋ ಆಫ್, ಮೋಶನ್ ಆಫ್, ಶಾರ್ಪ್‌ನೆಸ್ ಕೆಳಗೆ. ಮುಖ್ಯವಾದದ್ದು ಬೆಳಕು ಸಮ ಮಾಡೋದು. ಇದನ್ನು ಮಾಡದೆ ಯಾವ ಹೋಲಿಕೆಯೂ ಹೋಲಿಕೆ ಅಲ್ಲ, ಯಾಕೆಂದರೆ ಯಾವುದು ಜಾಸ್ತಿ ಬೆಳಗುತ್ತದೋ ಅದೇ ಚೆನ್ನಾಗಿದೆ ಅಂತ ಕಣ್ಣು ಹೇಳುತ್ತದೆ, ನಮ್ಮಂಥವರ ಕಣ್ಣೂ. ಪೂರ್ತಿ ಬಿಳಿ ಸ್ಲೈಡ್ ಹಾಕಿ, ಬೆಳಕು ಅಳೆಯುವ 900 ರೂಪಾಯಿಯ ಲಕ್ಸ್ ಮೀಟರ್ ಪರದೆಯ ನಡುವೆ ಹಿಡಿದು, ಎರಡರಲ್ಲೂ ಒಂದೇ ಅಂಕಿ ಬರೋವರೆಗೆ ಬ್ಯಾಕ್‌ಲೈಟ್ ಇಳಿಸಿದೆ. ಬ್ಯಾಕ್‌ಲೈಟ್ ಸೆಟ್ಟಿಂಗ್ ದುಬಾರಿಯದರಲ್ಲಿ 38ಕ್ಕೆ ಬಂತು, ಇನ್ನೊಂದು 52ಕ್ಕೋ ಏನೋ. ಮೀಟರಿನ ಅಂಕಿ ಎಷ್ಟು ಅನ್ನೋದು ಮುಖ್ಯ ಅಲ್ಲ, ಎರಡೂ ಒಂದೇ ಬಂದರಾಯಿತು. ಹತ್ತು ನಿಮಿಷ ಕಾದು ಮತ್ತೊಮ್ಮೆ ಹಿಡಿಯಿರಿ, ಬಿಸಿಯಾದ ಮೇಲೆ ಸ್ವಲ್ಪ ಇಳಿಯುತ್ತದೆ.

ಹೆಸರು, ಸ್ಟಿಕ್ಕರ್ ಎಲ್ಲಾ ಕಪ್ಪು ಟೇಪ್‌ನಲ್ಲಿ ಮುಚ್ಚಿದೆ. ಅಪ್ಪ, ಅಮ್ಮ, ಹೆಂಡತಿ, ಮಗಳು, ಭಾವ, ಐದು ಜನ. ಯಾವುದು ಅಂತ ಚೀಟಿಯಲ್ಲಿ ಬರೆದು ಕೊಡಬೇಕು, ಮಾತಾಡುವಂತಿಲ್ಲ. ಮೊದಲ ಮಧ್ಯಾಹ್ನ ನಾಲ್ಕು ಚೀಟಿ ಬಲಗಡೆಯದಕ್ಕೆ. ಟಿವಿ ಅದಲು ಬದಲು ಮಾಡಿದೆ. ಮತ್ತೆ ನಾಲ್ಕು ಚೀಟಿ ಬಲಗಡೆಗೇ! ಭಾವನಿಗೆ ಖುಷಿಯೋ ಖುಷಿ. ನೋಡಿದರೆ ಎಡಗಡೆಯ ಪರದೆಗೆ ಕಿಟಕಿಯ ಬೆಳಕು ಬೀಳುತ್ತಿತ್ತು. ಕಿಟಕಿಗೆ ಕಂಬಳಿ ಕಟ್ಟಿದ ಮೇಲೆ ಚೀಟಿಗಳು ಟಿವಿಯ ಹಿಂದೆ ಹೋಗಲು ಶುರುವಾದವು, ಜಾಗದ ಹಿಂದೆ ಅಲ್ಲ. ಎಡ ಬಲ ಬದಲಾಯಿಸದೆ ಯಾರೂ ತೀರ್ಮಾನ ಹೇಳಬೇಡಿ.

ಯೂಟ್ಯೂಬಿನ ಡೆಮೊ ವಿಡಿಯೋ ನಾನು ಹಾಕೋದಿಲ್ಲ. ಗಿಳಿ, ಹಣ್ಣು, ಸಮುದ್ರ, ಅದು ಎಲ್ಲ ಟಿವಿಯಲ್ಲೂ ಚೆನ್ನಾಗೇ ಕಾಣುತ್ತದೆ. ಅಸಲು ಹೇಗಿತ್ತು ಅಂತ ನಾವು ಯಾರೂ ನೋಡಿಲ್ಲವಲ್ಲ. ನನ್ನ ಕ್ಲಿಪ್‌ಗಳು ನಾನೇ ತೆಗೆದವು. ಒಂದು, ಊರ ಬಯಲಿನಲ್ಲಿ ನಡೆದ ಯಕ್ಷಗಾನ. ಹಿಂದೆ ಕಗ್ಗತ್ತಲು, ಮುಂದೆ ಕಿರೀಟದ ಬೇಗಡೆ, ಕೆಂಪು ಚೌಕಳಿಯ ಕಸೆ ಸೀರೆ. ಟಿವಿಗೆ ಇದಕ್ಕಿಂತ ಕಠಿಣ ಪರೀಕ್ಷೆ ನನಗೆ ಸಿಕ್ಕಿಲ್ಲ. ಇನ್ನೊಂದು, ನಮ್ಮ ಅಂಗಳದಲ್ಲಿ ಬೇಯಿಸಿ ಹರಡಿದ ಅಡಿಕೆ, ಮಧ್ಯಾಹ್ನದ ಬಿಸಿಲಿನಲ್ಲಿ. ಮೂರನೆಯದು ಫ್ರೀ ಡಿಶ್‌ನ ಚಂದನ. ಎಸ್‌ಡಿ ಸಿಗ್ನಲ್, ಅಂದರೆ ಎಚ್‌ಡಿ ಅಲ್ಲದ ಸಾದಾ ಸಿಗ್ನಲ್, 576 ಗೆರೆ. 4ಕೆ ಪರದೆಯಲ್ಲಿ 2160 ಗೆರೆ. ನಡುವಿನದ್ದನ್ನೆಲ್ಲ ಟಿವಿಯೇ ಊಹೆ ಮಾಡಿ ತುಂಬಬೇಕು. ನಮ್ಮ ಕಡೆ ಮುಕ್ಕಾಲು ಪಾಲು ನೋಡೋದೇ ಇಂಥ ಚಾನೆಲ್, ಅದನ್ನು ಬಿಟ್ಟು 4ಕೆ ಡೆಮೊ ನೋಡಿ ಟಿವಿ ತಗೊಂಡರೆ ಹೇಗೆ? ಇದರ ಜೊತೆ 5 ಪರ್ಸೆಂಟ್ ಬೂದು ಸ್ಲೈಡ್, ಪರದೆಯಲ್ಲಿ ಮೋಡ ಮೋಡ ಇದ್ದರೆ ಹೊರಬೀಳುತ್ತದೆ. ಇನ್ನೂ ಒಂದು ನಲವತ್ತು ಸೆಕೆಂಡಿನ ಕ್ಲಿಪ್ ಇದೆ. ಅದರಲ್ಲೇನಿದೆ ಅಂತ ಇಲ್ಲಿ ಬರೆಯೋದಿಲ್ಲ, ಅದು ಮಾಡಲು ನನಗೆ ಒಂದು ಮಳೆಗಾಲ ಹಿಡಿಯಿತು.

ಅಡಿಕೆ ಕ್ಲಿಪ್‌ನಲ್ಲಿ ಅಮ್ಮ ಒಂದೇ ನೋಟಕ್ಕೆ ಹೇಳಿದರು, "ಈ ಬಣ್ಣದ ಅಡಿಕೆ ನಮ್ಮ ಅಂಗಳದಲ್ಲಿ ಯಾವತ್ತೂ ಒಣಗಿಲ್ಲ." ಅವರು ಹೇಳಿದ್ದು ದುಬಾರಿ ಟಿವಿಗೆ. ಐವತ್ತು ವರ್ಷ ಅಡಿಕೆ ಆರಿಸಿದ ಕಣ್ಣು ಅದು. ಆದರೆ ಕಲರ್ ಎಂಟು ಪಾಯಿಂಟ್ ಇಳಿಸಿದ ಮೇಲೆ ಅಮ್ಮನಿಗೆ ಎರಡೂ ಒಪ್ಪಿಗೆಯಾಯಿತು. ಅಲ್ಲಿಗೆ ನನಗೆ ಒಂದು ವಿಷಯ ಗಟ್ಟಿಯಾಯಿತು. ರಿಮೋಟ್‌ನಿಂದ ಸರಿಹೋಗೋದನ್ನು ಹೋಲಿಸುತ್ತಾ ಕೂರಬಾರದು. ಬಣ್ಣ, ಬೆಳಕು, ಶಾರ್ಪ್‌ನೆಸ್ ಎಲ್ಲಾ ರಿಮೋಟ್‌ನಲ್ಲಿದೆ, ಶೋರೂಮಿನಲ್ಲಿ ನಮ್ಮನ್ನು ಮರುಳು ಮಾಡೋದೂ ಅವೇ. ಕಪ್ಪು, ಪಕ್ಕದಿಂದ ನೋಡಿದಾಗಿನ ಚಿತ್ರ, ಮೋಡ, ಎಸ್‌ಡಿ ಚಾನೆಲ್ ಹೇಗೆ ಬರುತ್ತದೆ, ಇವಕ್ಕೆ ರಿಮೋಟ್ ಇಲ್ಲ. ಹೋಲಿಸಬೇಕಾದ್ದು ಇಷ್ಟೇ.

ಯಕ್ಷಗಾನ ಹಾಕಿದಾಗ ಮನೆಯೇ ಸುಮ್ಮನಾಯಿತು. 41 ಸಾವಿರದ್ದರಲ್ಲಿ ಕತ್ತಲೆ ಕತ್ತಲೆಯಾಗೇ ಇತ್ತು, ಬೇಗಡೆ ಮಾತ್ರ ಮಿಣಮಿಣ. ದುಬಾರಿಯದರಲ್ಲಿ ರಂಗಸ್ಥಳದ ಹಿಂದೆ ಹೊಗೆ ತುಂಬಿದ ಹಾಗೆ, ಮೂಲೆಯಲ್ಲಿ ಬೆಳಕು ಸೋರಿಕೆ. ಐದಕ್ಕೆ ಐದು ಚೀಟಿ ಅಗ್ಗದ್ದಕ್ಕೆ. ಮ್ಯಾಕ್ರೊ ಲೆನ್ಸ್ ಹಿಡಿದು ನೋಡಿದರೆ ದುಬಾರಿಯದರಲ್ಲಿ ಪಿಕ್ಸೆಲ್, ಅಂದರೆ ಪರದೆಯ ಚುಕ್ಕೆ, ಬಾಣದ ಮೊನೆಯ ಹಾಗೆ ಬಾಗಿದೆ. ಐಪಿಎಸ್ ಜಾತಿ, ಕಾಂಟ್ರಾಸ್ಟ್, ಅಂದರೆ ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತದೆ ಅನ್ನೋದು, ಸಾವಿರಕ್ಕೆ ಒಂದರ ಆಸುಪಾಸು. ಇನ್ನೊಂದು ವಿಎ ಅನ್ನೋ ಜಾತಿಯ ಪ್ಯಾನೆಲ್, ಮೂರು ಸಾವಿರದ ಮೇಲೆ. ಕ್ಯೂಎಲ್‌ಇಡಿ ಅನ್ನೋದು ಬಣ್ಣದ ಪದರ ಅಷ್ಟೇ, ಹಿಂದಿನ ಬೆಳಕನ್ನು ತಡೆಯೋದು ಪ್ಯಾನೆಲ್. ಸ್ಟಿಕ್ಕರ್ ಕಪ್ಪು ಕೊಡೋದಿಲ್ಲ.

ವಿಎಗೂ ದೋಷ ಇದೆ, ಮುಚ್ಚಿಡೋದಿಲ್ಲ. ಅಪ್ಪನ ಆರಾಮ ಕುರ್ಚಿ ಪಕ್ಕದ ಗೋಡೆಗಿತ್ತು. ಅಲ್ಲಿಂದ ಮುಖವೆಲ್ಲ ಬೆಳ್ಳಗೆ, ತೊಳೆದ ಹಾಗೆ. ಆ ಜಾಗದಿಂದ ನೋಡಿದರೆ ದುಬಾರಿಯದೇ ಗೆದ್ದಿತು. ಅಪ್ಪ ಎರಡು ದಿನ ಯೋಚನೆ ಮಾಡಿ ಕುರ್ಚಿ ಈಚೆಗೆ ಹಾಕಿಸಿಕೊಂಡರು. ದೊಡ್ಡ ಹಾಲ್, ತುಂಬಾ ಬೆಳಕು, ಮೂರು ಕಡೆ ಸೋಫಾ ಇರೋ ಮನೆಗೆ ನಾನೇ ಐಪಿಎಸ್ ಕೊಡಿಸಿದ್ದೇನೆ, ಏಳರಲ್ಲಿ ಎರಡು ಅಂಥವೇ. ಒಂದೇ ಮಾಡೆಲ್ ನಂಬರಿನಲ್ಲಿ ಬೇರೆ ಬೇರೆ ಪ್ಯಾನೆಲ್ ಬರುತ್ತದೆ ಅನ್ನೋದು ಸೆಟ್ ಬಿಚ್ಚುವ ನಮಗೆ ಗೊತ್ತು. ಅದನ್ನು ಬಾಕ್ಸ್ ಒಡೆಯುವ ಮುಂಚೆ ಕಂಡುಹಿಡಿಯಲು ಕಾರ್ಟನ್ನಿನ ಸ್ಟಿಕ್ಕರಿನಲ್ಲಿ ಯಾವ ಅಕ್ಷರ ನೋಡಬೇಕು ಅನ್ನೋದು ನನ್ನ ಹೊಟ್ಟೆಪಾಡು, ಅದನ್ನು ಕೇಳಬೇಡಿ.

ಸೈಜಿನ ವಿಷಯಕ್ಕೆ ಬೇರೆಯೇ ಪ್ರಯೋಗ ಮಾಡಿದೆ. 55 ಇಂಚು ಅಂದರೆ 122 ಸೆಂಟಿಮೀಟರ್ ಅಗಲ, 69 ಎತ್ತರ. ಆ ಅಳತೆಗೆ ರಟ್ಟು ಕತ್ತರಿಸಿ ನಾಲ್ಕು ದಿನ ಗೋಡೆಗೆ ಅಂಟಿಸಿದ್ದೆ. ಮೊದಲ ದಿನ ದೊಡ್ಡದಾಯಿತು ಅಂದವರು ನಾಲ್ಕನೇ ದಿನ ಅದರ ಮಾತೇ ಎತ್ತಲಿಲ್ಲ. ಖರ್ಚು ಸೊನ್ನೆ. ಹಾಗೇ 43 ಇಂಚಿನ ಫುಲ್ ಎಚ್‌ಡಿ ಒಂದು, 4ಕೆ ಒಂದು ಇಟ್ಟು ಒಂಬತ್ತು ಅಡಿ ದೂರದಿಂದ ಯಾವುದು ಯಾವುದು ಹೇಳಿ ಅಂದೆ. ಇದಕ್ಕೆ ಲ್ಯಾಪ್‌ಟಾಪ್ ಎರಡು. ಒಬ್ಬರಿಗೂ ಗೊತ್ತಾಗಲಿಲ್ಲ, ನನಗೂ. ಫುಲ್ ಎಚ್‌ಡಿಯ ಒಂದು ಪಿಕ್ಸೆಲ್ಲೇ ಅರ್ಧ ಮಿಲಿಮೀಟರ್, ಅಷ್ಟು ದೂರದಿಂದ ಕಣ್ಣಿಗೆ ಎಲ್ಲಿ ಕಾಣಬೇಕು? ಈಗ ದೊಡ್ಡ ಸೈಜಿನಲ್ಲಿ ಸಿಗೋದು ಬಹುಪಾಲು 4ಕೆ, ಹಾಗಾಗಿ ತಗೊಳ್ಳುತ್ತೇವೆ. ಅದಕ್ಕಂತಲೇ ಜಾಸ್ತಿ ದುಡ್ಡು ಕೊಡಬೇಡಿ.

ಕರೆಂಟೂ ಅಳೆದೆ. ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ಇತ್ತು. ಢಾಳಾಗಿ ಹೊಳೆಯುವ ವಿವಿಡ್ ಮೋಡ್‌ನಲ್ಲಿ 130 ವ್ಯಾಟ್ ಹತ್ತಿರ, ಬೆಳಕು ಸಮ ಮಾಡಿದ ಸಿನಿಮಾ ಮೋಡ್‌ನಲ್ಲಿ 70ರ ಒಳಗೆ. ದಿನಕ್ಕೆ ಐದು ಗಂಟೆ ಹಿಡಿದರೆ ತಿಂಗಳಿಗೆ ಒಂಬತ್ತು ಯೂನಿಟ್ ವ್ಯತ್ಯಾಸ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರೋ ಮನೆಗೆ ಇದು ಲೆಕ್ಕವೇ. ಇದಕ್ಕಿಂತ ದೊಡ್ಡದು ಸ್ಟ್ರಿಪ್ ಆಯಸ್ಸು. ನನ್ನ ಅಂಗಡಿಗೆ ಎರಡು ಮೂರು ವರ್ಷಕ್ಕೇ ಬರೋ ಸೆಟ್ಟುಗಳಲ್ಲಿ ಬ್ಯಾಕ್‌ಲೈಟ್ ನೂರರಲ್ಲೇ ಇರುತ್ತದೆ. ಲೆನ್ಸ್ ಉದುರಿ ಬಿಳಿ ಚುಕ್ಕೆ, ಇಲ್ಲಾ ಪರದೆಯೆಲ್ಲ ನೇರಳೆ. ಸ್ಟ್ರಿಪ್, ಮಜೂರಿ ಸೇರಿ ಎರಡೂವರೆ ಮೂರು ಸಾವಿರ. ಸ್ಟ್ರಿಪ್ ಉರಿಸುವ ಡ್ರೈವರ್ ಬೋರ್ಡಿನಲ್ಲಿ ಕರೆಂಟ್ ಇಳಿಸಿ ಕೊಡುವ ಕೆಲಸ ಮೆಕ್ಯಾನಿಕ್‌ಗಳು ನಾವೆಲ್ಲ ಮಾಡುತ್ತೇವೆ. ಎಷ್ಟು ಇಳಿಸುತ್ತೇನೆ ಅನ್ನೋದು ಬೋರ್ಡಿನಿಂದ ಬೋರ್ಡಿಗೆ ಬೇರೆ, ಅದು ನನ್ನ ಡೈರಿಯಲ್ಲಿದೆ.

ಟಿವಿ ಹಿಂದೆ ಯುಎಸ್‌ಬಿಯಲ್ಲಿ ಉರಿಯುವ ಎಲ್‌ಇಡಿ ಪಟ್ಟಿ ಅಂಟಿಸಿ ನೋಡಿ, 250 ರೂಪಾಯಿ. ಗೋಡೆಗೆ ಮಂದ ಬೆಳಕು ಬಿದ್ದರೆ ಐಪಿಎಸ್‌ನ ಬೂದಿ ಬಣ್ಣವೂ ಕಪ್ಪು ಅನ್ನಿಸುತ್ತದೆ. ಬಿಳಿ ಪಟ್ಟಿಯನ್ನೇ ತಗೊಳ್ಳಿ, ಬಣ್ಣದ್ದು ಹಾಕಿದರೆ ಮುಖದ ಬಣ್ಣ ಕೆಡುತ್ತದೆ.

ತೀರ್ಮಾನ ಆದಮೇಲೂ ತಕ್ಷಣ ತಗೊಳ್ಳಲಿಲ್ಲ. 32 ಇಂಚಿಗಿಂತ ದೊಡ್ಡ ಟಿವಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿಯುತ್ತದೆ ಅಂತ 2025ರ ಸೆಪ್ಟೆಂಬರ್ ಮೊದಲ ವಾರ ಗೊತ್ತಾಯಿತು, 22ನೇ ತಾರೀಕಿನಿಂದ ಜಾರಿ. ಕಾದೆ. ದಸರಾಕ್ಕೆ ಅದೇ ಟಿವಿ 38 ಸಾವಿರದ ಒಳಗೆ ಬಂತು. ಅಂಗಡಿಯಲ್ಲಿ ಮನೆಯವರು ಕೈ ತೋರಿಸಿದ್ದನ್ನೇ ಆಗಲೇ ತಂದಿದ್ದರೆ 46. ಎಂಟು ಸಾವಿರ ಉಳಿಯಿತು. ಸ್ಪ್ಲಿಟರ್ ಎರಡು, ಮೀಟರ್, ಸುಟ್ಟ ಬೋರ್ಡು ಎಲ್ಲಾ ಕಳೆದರೂ ಎರಡು ಸಾವಿರ ಕೈಯಲ್ಲೇ ಇದೆ. ಆ ಡೀಲರ್ ಈಗ ಹೊಸ ಮಾಡೆಲ್ ಬಂದರೆ ಅಂಗಡಿಗೆ ಹಾಕುವ ಮುಂಚೆ ನನಗೆ ಫೋನ್ ಮಾಡುತ್ತಾರೆ.

ಬ್ಯಾಕ್‌ಲೈಟ್ ಇಲ್ಲದೆ ಪಿಕ್ಸೆಲ್ಲೇ ಬೆಳಗುವ ಒಎಲ್‌ಇಡಿ ಒಂದನ್ನು ಮಾತ್ರ ಜಗಲಿಗೆ ತರಲು ಆಗಿಲ್ಲ. ಬೆಂಗಳೂರಿನಿಂದ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುವ ಗಿರಾಕಿಯೊಬ್ಬರ ಮನೆಯಲ್ಲಿ ಪೆನ್‌ಡ್ರೈವ್ ಹಾಕಿ ಯಕ್ಷಗಾನ ನೋಡಿದೆ. ಆ ಕಪ್ಪಿನ ಮುಂದೆ ನಮ್ಮ ವಿಎಯೂ ಬೂದಿಯೇ. ಆದರೆ ನಮ್ಮ ಅಪ್ಪ ದಿನಕ್ಕೆ ಆರು ಗಂಟೆ ಒಂದೇ ನ್ಯೂಸ್ ಚಾನೆಲ್ ಇಡುತ್ತಾರೆ, ಆ ಲೋಗೋ ಪರದೆಯಲ್ಲೇ ಉಳಿದುಬಿಟ್ಟರೆ? ಅಂಥದೊಂದು ಸೆಟ್ ಒಂದು ತಿಂಗಳ ಮಟ್ಟಿಗೆ ಸಿಕ್ಕಿದರೆ ಅಪ್ಪನ ಕೈಗೇ ರಿಮೋಟ್ ಕೊಟ್ಟು ನೋಡಬೇಕು ಅಂತಿದ್ದೇನೆ.