ಮಳೆಯಲ್ಲಿ ವಿಮಾನ ಇಳಿಯುವಾಗ ನಾವು ಮಾಡಬೇಕಾದದ್ದು

ಜುಲೈ ತಿಂಗಳ ಬೆಳಗಾವಿ ಮಳೆ ಗೊತ್ತಲ್ಲ, ಮೂರು ದಿನ ಆದರೂ ಬಟ್ಟೆ ಒಣಗುವುದಿಲ್ಲ. ಅಂಥ ಒಂದು ಸಂಜೆ ಬೆಂಗಳೂರಿನಿಂದ ಬರುತ್ತಿದ್ದೆ. ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇನ್ನೇನು ಚಕ್ರ ನೆಲ ಮುಟ್ಟಬೇಕು, ವಿಮಾನ ಮತ್ತೆ ಮೇಲಕ್ಕೆದ್ದಿತು. "ಇವಗ ಇಳಸಾಕ ಬರಂಗಿಲ್ಲೇನ?" ಅಂದರು ಪಕ್ಕದ ಕಾಕಾ. ನನಗೂ ಹಾಗೇ ಅನಿಸಿತ್ತು.

ತಪ್ಪು ನಮ್ಮದೇ. 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ ಮಳೆ, ಹಿಂದಿನಿಂದ ಗಾಳಿ. ವಿಮಾನ ನೆಲ ಮುಟ್ಟುವಷ್ಟರಲ್ಲಿ ಸುಮಾರು ಅರ್ಧ ರನ್‌ವೇ ಮುಗಿದಿತ್ತು. ಮೇಲಕ್ಕೇರಿಸಿ ಎಂದು ಜೊತೆಯ ಪೈಲಟ್ ಹೇಳಿದ್ದರೂ ಏರಿಸಲಿಲ್ಲ ಎನ್ನುತ್ತದೆ ತನಿಖಾ ವರದಿ. ರನ್‌ವೇ ದಾಟಿ ಇಳಿಜಾರಿಗೆ ಬಿದ್ದು 21 ಜನ ಸತ್ತರು. ಹಾಗಾಗಿ ಮತ್ತೊಂದು ಸುತ್ತು ಹೊಡೆದರೆ ಗೊಣಗಬೇಡಿ. ಧಡ್ ಅಂತ ಇಳಿಸಿದರೂ ಬೈಯಬೇಡಿ. ಒದ್ದೆ ರನ್‌ವೇಯಲ್ಲಿ ಚಕ್ರ ನೀರಿನ ಮೇಲೆ ತೇಲದಿರಲಿ ಎಂದು ಬೇಕಂತಲೇ ಸ್ವಲ್ಪ ಗಟ್ಟಿಯಾಗಿ ಇಳಿಸುತ್ತಾರೆ.

ಈಗ ನಮ್ಮ ಕೆಲಸ. ಕೂತ ತಕ್ಷಣ ಬಾಗಿಲಿನವರೆಗೆ ಎಷ್ಟು ಸೀಟಿನ ಸಾಲು ಇವೆ ಎಂದು ಎಣಿಸಿ. ಮುಂದಕ್ಕೂ, ಹಿಂದಕ್ಕೂ. ಹೊಗೆ ತುಂಬಿದರೆ ಕಣ್ಣು ಕಾಣುವುದಿಲ್ಲ, ಸೀಟು ಮುಟ್ಟಿ ಮುಟ್ಟಿ ಎಣಿಸುತ್ತಲೇ ಹೋಗಬೇಕು. ವಿಮಾನ ನೆಲಕ್ಕಿಳಿಯುವ ಮುಂಚೆ ಶೂ ಹಾಕಿಕೊಳ್ಳಿ. ಬೆಲ್ಟು ಹೊಟ್ಟೆ ಮೇಲಲ್ಲ, ಸೊಂಟದ ಕೆಳಗೆ ಬಿಗಿಯಾಗಿರಲಿ. ಅದರ ಬಕಲ್ ಇದೆಯಲ್ಲ, ಸುಮ್ನೆ ಎರಡು ಸಲ ತೆಗೆದು ಹಾಕಿ ನೋಡಿ. ಗಾಬರಿಯಲ್ಲಿ ಕೈ ಕಾರಿನ ಬೆಲ್ಟಿನ ಹಾಗೆ ಒತ್ತಲು ಹೋಗುತ್ತದೆ. ವಿಮಾನದಲ್ಲಿ ಒತ್ತುವುದಲ್ಲ, ಮೇಲಿನ ತಗಡು ಎತ್ತಬೇಕು.

ವಿಮಾನ ರನ್‌ವೇ ಬಿಟ್ಟು ಜಾರಿದರೆ ತಲೆ ಬಗ್ಗಿಸಿ ಮುಂದಿನ ಸೀಟಿಗೆ ಒತ್ತಿ ಹಿಡಿಯಿರಿ, ಪಾದ ನೆಲಕ್ಕೆ ಊರಿರಲಿ. ಪೂರ್ತಿ ನಿಲ್ಲುವವರೆಗೆ ಏಳಬೇಡಿ. ಆಮೇಲೆ ಸಿಬ್ಬಂದಿ ಹೇಳಿದ ಹಾಗೆ ಮಾಡಿ. ಒಂದು ಬದಿಗೆ ಬೆಂಕಿ ಇದ್ದರೆ ಆ ಬಾಗಿಲು ತೆಗೆಯುವುದಿಲ್ಲ, ಜಗಳ ಬೇಡ.

ಬ್ಯಾಗು ಮಾತ್ರ ಮುಟ್ಟಲೇಬೇಡಿ. ಬೆಂಗಳೂರಿಗೆ ಹೋಗುವಾಗ ನನ್ನ ಬ್ಯಾಗಿನಲ್ಲಿ ಎರಡು ಕಿಲೋ ಕುಂದಾ ಇರುತ್ತದೆ, ಬಿಡಲು ಹೊಟ್ಟೆ ಉರಿಯುತ್ತದೆ ನಿಜ. ಆದರೆ ವಿಮಾನ ತಯಾರಿಸುವ ಕಂಪನಿ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬಹುದು ಎಂದು ತೋರಿಸುವುದು ಯಾರೂ ಬ್ಯಾಗು ಎತ್ತಿಕೊಳ್ಳದ ಲೆಕ್ಕದಲ್ಲಿ. ಬಾಗಿಲಿನಿಂದ ಕೆಳಗಿಳಿಯಲು ಬಿಡುವ ಜಾರುಬಂಡಿಯ ಮುಂದೆ ಕೂರಬೇಡಿ, ಕೈ ಎದೆಗೆ ಕಟ್ಟಿ ಹಾರಿ. ಕೆಳಗೆ ಬಂದ ಮೇಲೆ ವಿಮಾನದಿಂದ ದೂರ ಓಡಿ, ಮನೆಗೆ ಫೋನು ಆಮೇಲೆ.