ಈಜಿಪ್ಟಿನ ಅಗಲ ಕೊರಳಪಟ್ಟಿಯನ್ನು ನಾನು ಪೋಣಿಸಿದ ಬಗೆ

ಈಜಿಪ್ಟಿನ ಪ್ರೇರಣೆಯ ಆಭರಣವೆಂದು ಇಂದು ಮಾರಾಟಕ್ಕೆ ಬರುವುದರಲ್ಲಿ ಹೆಚ್ಚಿನದು ಚಿಹ್ನೆಗಳ ಆಭರಣ. ಹೋರಸ್‌ನ ಕಣ್ಣು, ಸ್ಕಾರಬ್ ಎಂಬ ಜೀರುಂಡೆ, ಆಂಖ್ ಎಂಬ ಜೀವದ ಚಿಹ್ನೆ ಅಥವಾ ರಾಣಿ ನೆಫರ್‌ಟೀಟಿಯ ಪಕ್ಕನೋಟದ ಮುಖ ಒಂದು ತೆಳುವಾದ ಸರಪಣಿಯಲ್ಲಿ ತೂಗಾಡಿದರೆ ಸಾಕು, ಅದಕ್ಕೆ ಈಜಿಪ್ಟಿನ ಹೆಸರು ಬಂದುಬಿಡುತ್ತದೆ. ನನಗೂ ಅಂಥ ಪದಕಗಳ ಮೇಲೆ ಮೋಹವಿತ್ತು; ಅವುಗಳಲ್ಲಿ ಕೆಲವು ಈಗಲೂ ನನ್ನ ಪೆಟ್ಟಿಗೆಯಲ್ಲಿವೆ. ಆದರೆ ಸಮಾಧಿಗಳ ಚಿತ್ರಗಳನ್ನೂ ಶಿಲ್ಪಗಳನ್ನೂ ನೋಡುತ್ತ ಹೋದಂತೆ, ಆ ಜನರ ಉಡುಗೆಗೆ ಅದರದೇ ಆದ ಚಹರೆಯನ್ನು ಕೊಡುವುದು ಪದಕವಲ್ಲ, ಕೊರಳಿನಿಂದ ಹೆಗಲಿನವರೆಗೆ ಹರಡಿಕೊಳ್ಳುವ ಅಗಲವಾದ ಮಣಿಪಟ್ಟಿ ಎಂಬುದು ನನಗೆ ಸ್ಪಷ್ಟವಾಯಿತು. ವೆಸೆಖ್ ಎಂದು ಕರೆಯಲಾಗುವ ಈ ಪಟ್ಟಿಯನ್ನು ಹಳೆಯ ರಾಜ್ಯವೆಂದು ಕರೆಯುವ ಪಿರಮಿಡ್ಡುಗಳ ಕಾಲದಿಂದ ದೇವತೆಗಳೂ ಅರಸರೂ ಅಧಿಕಾರಿಗಳೂ, ಗಂಡಸರು ಹೆಂಗಸರೆಂಬ ಭೇದವಿಲ್ಲದೆ, ತೊಟ್ಟಿರುವುದನ್ನು ಕಾಣಬಹುದು. ಅದನ್ನು ಕೊಳ್ಳುವ ಬದಲು ನಾನೇ ಕಟ್ಟಬೇಕೆಂದು ನಿರ್ಧರಿಸಿದೆ.

ನನಗೆ ಮೊದಲ ಮಾದರಿಯಾದದ್ದು ಪ್ರಾಚೀನ ಈಜಿಪ್ಟಿನ ನೊಫ್ರೆಟ್ ಎಂಬ ಮಹಿಳೆಯ ಪ್ರತಿಮೆ. 1871ರಲ್ಲಿ ಮೈದುಮ್‌ನಲ್ಲಿ ಪತಿ ರಾಹೊಟೆಪ್‌ನ ಪ್ರತಿಮೆಯೊಂದಿಗೆ ದೊರೆತ ಈ ಸುಣ್ಣಕಲ್ಲಿನ ಶಿಲ್ಪ ನಾಲ್ಕನೆಯ ರಾಜವಂಶದ ಕಾಲದ್ದು. ನಾಲ್ಕೂವರೆ ಸಾವಿರ ವರ್ಷಗಳ ನಂತರವೂ ಅದರ ಬಣ್ಣ ಬೆರಗುಗೊಳಿಸುವಷ್ಟು ಉಳಿದುಕೊಂಡಿದೆ. ಆಕೆಯ ಮೈಮೇಲೆ ಬಿಳಿಯ ಹೊದಿಕೆಯಿದೆ, ತಲೆಗೆ ಹೂವಿನ ವಿನ್ಯಾಸದ ಪಟ್ಟಿಯಿದೆ, ಕೊರಳಿನಲ್ಲಿ ಬಣ್ಣಬಣ್ಣದ ಸಾಲುಗಳ ಅಗಲ ಪಟ್ಟಿಯಿದೆ. ಬಟ್ಟೆಯಲ್ಲಿ ಅಂಚಾಗಲಿ ಕಸೂತಿಯಾಗಲಿ ಕಾಣುವುದಿಲ್ಲ. ನಾವು ಬಟ್ಟೆಗೆ ಒಪ್ಪುವ ಆಭರಣವನ್ನು ಹುಡುಕುತ್ತೇವೆ. ಇಲ್ಲಿ ಬಣ್ಣದ ಹೊಣೆಯನ್ನೆಲ್ಲ ಆಭರಣವೇ ಹೊತ್ತು, ಬಟ್ಟೆ ಅದಕ್ಕೆ ಹಿನ್ನೆಲೆಯಾಗಿ ನಿಂತಿದೆ. ಪಟ್ಟಿಯನ್ನು ಉಡುಪಿನ ಮೇಲ್ಭಾಗವೆಂದೇ ಎಣಿಸಿದರೆ ಅದರ ಅಳತೆ, ತೂಕ, ಬಾಗು ಎಲ್ಲವನ್ನೂ ದರ್ಜಿಯ ಕಣ್ಣಿನಿಂದ ನೋಡಬೇಕಾಗುತ್ತದೆ. ನನ್ನ ಕೆಲಸ ಶುರುವಾದದ್ದೂ ಮಣಿಯಿಂದಲ್ಲ, ಕಾಗದದಿಂದ.

ಕೊರಳಿನ ಸುತ್ತ ಪಟ್ಟಿಯ ಒಳ ಅಂಚು ಕೂರುವ ಜಾಗದ ಸುತ್ತಳತೆ ನನಗೆ 44 ಸೆಂ.ಮೀ. ಬಂತು. ಪಟ್ಟಿಯ ಅಗಲವನ್ನು 7 ಸೆಂ.ಮೀ. ಎಂದು ಇಟ್ಟುಕೊಂಡೆ. ಸಮತಟ್ಟಾದ ಬಳೆಯಾಕಾರದಲ್ಲಿ ತ್ರಿಜ್ಯ 1 ಸೆಂ.ಮೀ. ಹೆಚ್ಚಿದರೆ ಸುತ್ತಳತೆ ಸುಮಾರು 6.3 ಸೆಂ.ಮೀ. ಹೆಚ್ಚುತ್ತದೆ, ಹಾಗಾಗಿ 7 ಸೆಂ.ಮೀ. ಅಗಲದ ಪಟ್ಟಿಯ ಹೊರ ಅಂಚು 88 ಸೆಂ.ಮೀ., ಅಂದರೆ ಒಳ ಅಂಚಿನ ಎರಡರಷ್ಟು ಆಗಬೇಕು. ಆದರೆ ಹೆಗಲು ಸಮತಟ್ಟಲ್ಲ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಹರಡಿಟ್ಟ ಪಟ್ಟಿಯಾಗಲಿ, ಮುಖವನ್ನು ಪಕ್ಕದಿಂದಲೂ ಹೆಗಲನ್ನು ಎದುರಿನಿಂದಲೂ ತೋರಿಸುವ ಗೋಡೆಚಿತ್ರವಾಗಲಿ ಈ ಇಳಿಜಾರನ್ನು ಮರೆಸಿಬಿಡುತ್ತದೆ. ಮೈಮೇಲೆ ಕೂತ ಪಟ್ಟಿಯ ಆಕಾರ ತುದಿ ಕತ್ತರಿಸಿದ ಶಂಕುವಿನದು. ಇಳಿಜಾರು 30 ಡಿಗ್ರಿಯೆಂದು ಹಿಡಿದರೆ ಪ್ರತಿ ಸೆಂಟಿಮೀಟರಿಗೆ ಸುತ್ತಳತೆ ಹೆಚ್ಚುವುದು ಸುಮಾರು 5.4 ಸೆಂ.ಮೀ. ಮಾತ್ರ, ಹೊರ ಅಂಚು 82 ಸೆಂ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. ಈ 6 ಸೆಂ.ಮೀ. ಹೆಚ್ಚಾದರೆ ಪಟ್ಟಿ ಹೆಗಲಿನ ಮೇಲೆ ಅಲೆಅಲೆಯಾಗಿ ಎದ್ದು ನಿಲ್ಲುತ್ತದೆ, ಅದಕ್ಕಿಂತ ಕಡಿಮೆಯಾದರೆ ಅಂಚು ಮೈಯನ್ನು ಬಿಗಿಹಿಡಿದು ಒಳ ಅಂಚನ್ನು ಮೇಲಕ್ಕೆ ದೂಡುತ್ತದೆ. ದಪ್ಪ ಕಾಗದವನ್ನು ಕತ್ತರಿಸಿ, ಹಿಂಬದಿಯಲ್ಲಿ ಒಂದರ ಮೇಲೊಂದು ಸರಿಸಿ, ಹೆಗಲಿಗೆ ಅಂಟಿ ಕೂರುವವರೆಗೆ ತಿದ್ದಿದ ಮಾದರಿಯೇ ಮುಂದಿನ ಎಲ್ಲಕ್ಕೂ ಆಧಾರವಾಯಿತು. ಲೆಕ್ಕ ಹಾಕಲು ಬೇಸರವಿರುವವರು ಕಾಗದವನ್ನೊಂದೇ ನಂಬಬಹುದು.

ಮಣಿಗಳಿಗೆ ಗಾಜನ್ನೋ ಕಲ್ಲನ್ನೋ ಆರಿಸಬಹುದಿತ್ತು. ನಾನು ಫಯಾನ್ಸನ್ನು ಆರಿಸಿಕೊಂಡೆ, ಏಕೆಂದರೆ ಈಜಿಪ್ಟಿನ ಆ ಹಸಿರುಮಿಶ್ರಿತ ನೀಲಿ ಬಣ್ಣ ಹುಟ್ಟಿದ್ದೇ ಅದರಲ್ಲಿ. ಇದನ್ನು ಮಣ್ಣಿನ ವಸ್ತುವೆಂದು ಅನೇಕರು ತಿಳಿಯುತ್ತಾರೆ, ಆದರೆ ಇದರಲ್ಲಿ ಜೇಡಿಮಣ್ಣು ಇಲ್ಲವೆಂದೇ ಹೇಳಬೇಕು. ಬಹುಪಾಲು ಪುಡಿಮಾಡಿದ ಬೆಣಚುಕಲ್ಲು, ಸ್ವಲ್ಪ ಸುಣ್ಣ, ನೇಟ್ರಾನ್ ಎಂಬ ನೈಸರ್ಗಿಕ ಸೋಡಾ ಲವಣ ಅಥವಾ ಗಿಡದ ಬೂದಿಯಿಂದ ಬಂದ ಕ್ಷಾರ, ಬಣ್ಣಕ್ಕೆ ತಾಮ್ರ. ಮೆರುಗನ್ನು ಕೊಡಲು ಆ ಕುಶಲಕರ್ಮಿಗಳಿಗೆ ಮೂರು ದಾರಿಗಳಿದ್ದವು: ಮೆರುಗಿನ ದ್ರವವನ್ನು ಮೇಲೆ ಬಳಿಯುವುದು, ವಸ್ತುವನ್ನು ಮೆರುಗಿನ ಪುಡಿಯಲ್ಲಿ ಹೂತು ಸುಡುವುದು, ಮತ್ತು ಹಿಟ್ಟಿನೊಳಗೇ ಬೆರೆಸಿದ ಲವಣಗಳು ಒಣಗುವಾಗ ತಾವಾಗಿ ಮೇಲ್ಮೈಗೆ ಬರುವಂತೆ ಬಿಡುವುದು. ನಾನು ಹಿಡಿದದ್ದು ಮೂರನೆಯ ದಾರಿಯನ್ನು. ಇದರಲ್ಲಿ ನೀರು ಆವಿಯಾಗುತ್ತಿದ್ದಂತೆ ಕ್ಷಾರ ಹೊರಕ್ಕೆ ಸರಿದು ಮಣಿಯ ಮೇಲೆ ಬಿಳಿಯ ಪೊರೆಯಾಗಿ ನಿಲ್ಲುತ್ತದೆ, ಕುಲುಮೆಯಲ್ಲಿ ಅದೇ ಕರಗಿ ಹೊಳಪಿನ ಪದರವಾಗುತ್ತದೆ. ಪೊರೆಗೆ ಬೆರಳು ತಾಗಿದಲ್ಲಿ ಮೆರುಗು ಹಿಡಿಯುವುದಿಲ್ಲ. ಆದ್ದರಿಂದ ಮಣಿಗಳನ್ನು ರೂಪಿಸಿದ ಕೂಡಲೇ ತಂತಿಗೆ ಏರಿಸಿ, ಒಣಗಿದ ಮೇಲೆ ಆ ತಂತಿಯನ್ನೇ ಹಿಡಿದು ಕುಲುಮೆಗೆ ಇಡುತ್ತೇನೆ. ತಂತಿ ಕುಲುಮೆಯ ಶಾಖ ತಡೆಯುವ ನಿಕ್ರೋಮ್ ಎಂಬ ಮಿಶ್ರಲೋಹದ್ದಾಗಿರಬೇಕು, ಮಣಿಗಳು ಒಂದಕ್ಕೊಂದು ತಾಗದಂತೆ ನಡುವೆ ಜಾಗವಿರಬೇಕು, ಇಲ್ಲವಾದರೆ ಕರಗಿದ ಮೆರುಗು ಅವುಗಳನ್ನು ಬೆಸೆದುಬಿಡುತ್ತದೆ.

ಈ ಹಿಟ್ಟಿನ ಸ್ವಭಾವ ವಿಚಿತ್ರವಾದದ್ದು. ಸುಮ್ಮನಿದ್ದಾಗ ಗಟ್ಟಿಯಾಗಿ ಕಾಣುವ ಅದು ಅದುಮಿದೊಡನೆ ಸಡಿಲಗೊಂಡು ಹರಿಯತೊಡಗುತ್ತದೆ, ತುಸು ಎಳೆದರೆ ಬಿರುಕು ಬಿಡುತ್ತದೆ. ಜೇಡಿಮಣ್ಣಿನಂತೆ ಹೊಸೆಯುವ ಹಟವನ್ನು ಬಿಟ್ಟು, ಒಣಹುಲ್ಲಿನ ಕಡ್ಡಿಯ ಸುತ್ತ ಹಿಟ್ಟನ್ನು ಅಂಟಿಸಿ, ಹಲಗೆಯ ಮೇಲೆ ಹಗುರವಾಗಿ ಉರುಳಿಸಿ, ಅರೆ ಒಣಗಿದಾಗ 15 ಮಿ.ಮೀ. ಉದ್ದಕ್ಕೆ ಕತ್ತರಿಸಿದೆ. ನಡುವಿನ ಕಡ್ಡಿಯನ್ನು ತಂತಿಯಿಂದ ಮೆಲ್ಲಗೆ ತಳ್ಳಿ ತೆಗೆಯಬಹುದು. ಒಳಗೆ ಉಳಿದ ಚೂರು ಕುಲುಮೆಯಲ್ಲಿ ಉರಿದುಹೋಗುತ್ತದೆ. ಸುಡುವ ಶಾಖ ನನ್ನ ಮಿಶ್ರಣಕ್ಕೆ 900ರಿಂದ 950 ಡಿಗ್ರಿ ಸೆಲ್ಸಿಯಸ್. ಬೆಣಚಿನ ಪುಡಿ ಶ್ವಾಸಕೋಶಕ್ಕೆ ತೀರ ಅಪಾಯಕಾರಿಯಾದ್ದರಿಂದ ಒಣಪುಡಿಯನ್ನು ಕಲಸುವಾಗ ಧೂಳು ತಡೆಯುವ ಸರಿಯಾದ ಮುಖಕವಚವಿಲ್ಲದೆ ಕೂರಬಾರದು. ತಾಮ್ರದ ಲವಣಕ್ಕೂ ಸೋಡಾಕ್ಕೂ ಕೈಗವಸು ಬೇಕು. ಕಪ್ಪು ಬಣ್ಣಕ್ಕೆ ಮ್ಯಾಂಗನೀಸ್ ಬೆರೆಸಿದೆ. ಕಬ್ಬಿಣದಿಂದ ಬರುವ ಕೆಂಪು ಫಯಾನ್ಸಿನಲ್ಲಿ ಮಂಕಾಗಿ ಕಾಣುವುದರಿಂದ ಕೆಂಪು ಸಾಲಿಗೆ ಕಾರ್ನೇಲಿಯನ್ ಎಂಬ ಕೆಂಪು ಕಲ್ಲಿನ ಮಣಿಗಳನ್ನು ಕೊಂಡೆ. ಈಜಿಪ್ಟಿನವರು ಆ ಕಲ್ಲನ್ನು ತಮ್ಮ ಪೂರ್ವ ಮರುಭೂಮಿಯಿಂದಲೂ ಹಸಿರುನೀಲಿಯಾದ ಟರ್ಕಾಯ್ಸನ್ನು ಸಿನಾಯ್‌ನಿಂದಲೂ ತರುತ್ತಿದ್ದರು. ಕಡುನೀಲಿಯ ಲಾಪಿಸ್ ಲಾಜುಲಿ ಮಾತ್ರ ಈಗಿನ ಅಫ್ಘಾನಿಸ್ತಾನದ ಬದಕ್ಷಾನ್‌ನಿಂದ ಬರಬೇಕಾಗಿತ್ತು. ಫಯಾನ್ಸಿನ ನೀಲಿಗೆ ಅಷ್ಟು ಬೆಲೆ ಬಂದದ್ದರ ಹಿಂದೆ ಈ ದೂರವೂ ಇದೆ.

ಪೋಣಿಸುವ ಕೆಲಸವೇ ಇಡೀ ಪಟ್ಟಿಯ ಜೀವ. ಅಗಲ ಪಟ್ಟಿಯಲ್ಲಿ ನಳಿಕೆಯಾಕಾರದ ಮಣಿಗಳು ನೆಟ್ಟಗೆ ನಿಲ್ಲುತ್ತವೆ, ಮಲಗುವುದಿಲ್ಲ. ನಾನು ಪ್ರತಿ ಸಾಲಿನಲ್ಲಿಯೂ ದಾರವನ್ನು ಒಂದು ನಳಿಕೆಯೊಳಗೆ ಏರಿಸಿ ಪಕ್ಕದ ನಳಿಕೆಯೊಳಗೆ ಇಳಿಸುತ್ತ ಹೋದೆ, ಇನ್ನೊಂದು ದಾರವನ್ನು ಅದಕ್ಕೆ ವಿರುದ್ಧವಾಗಿ ಇಳಿಸಿ ಏರಿಸಿದೆ. ಇದರಿಂದ ಸಾಲಿನ ಮೇಲಂಚಿನಲ್ಲಿಯೂ ಕೆಳ ಅಂಚಿನಲ್ಲಿಯೂ ದಾರದ ಸಣ್ಣ ಸೇತುವೆಗಳು ಉಳಿಯುತ್ತವೆ. ಮೇಲಂಚಿನ ಸೇತುವೆಗಳನ್ನು ಬರಿದಾಗಿ ಬಿಟ್ಟು, ಕೆಳ ಅಂಚಿನವುಗಳಿಗೆ ತೀರ ಕಿರಿದಾದ ಬಿಲ್ಲೆಮಣಿಯನ್ನು ಸೇರಿಸಿದರೆ ನಳಿಕೆಗಳ ಬುಡ ಅಗಲಕ್ಕೆ ಸರಿದು ಸಾಲು ತಾನಾಗಿ ಬಾಗುತ್ತದೆ. ಬಾಗು ಸಿಗುವುದು ದಾರವನ್ನು ಎಳೆದು ಬಿಗಿಯುವುದರಿಂದಲ್ಲ, ಈ ಬಿಲ್ಲೆಗಳ ದಪ್ಪದಿಂದ. ಪ್ರತಿ ಸಾಲನ್ನೂ ಕಾಗದದ ಮಾದರಿಯ ಮೇಲಿಟ್ಟು ನೋಡಿ, ಸಾಲದಿದ್ದರೆ ಬಿಲ್ಲೆಯನ್ನು ಬದಲಿಸಿದೆ. ಸಾಲುಗಳ ನಡುವಿನ ಸೇತುವೆಗಳ ಕೆಳಗೆ ಬಿಲ್ಲೆಮಣಿಗಳ ತೆಳು ಸರವೊಂದನ್ನು ಹಾಯಿಸಿದಾಗ ಮೇಲಿನದೂ ಕೆಳಗಿನದೂ ಒಂದಾಗಿ ಕೂಡಿಕೊಳ್ಳುತ್ತವೆ. ಕೊನೆಯ ಸಾಲಿಗೆ ಹನಿಯಾಕಾರದ ಮಣಿಗಳು. ದಾರಕ್ಕೆ ಜೇನುಮೇಣ ಸವರಿದ ಲಿನನ್ ಹುರಿಯನ್ನೇ ಬಳಸಿದೆ. ಫಯಾನ್ಸ್ ಮಣಿಯ ರಂಧ್ರದ ಅಂಚು ಬ್ಲೇಡಿನಷ್ಟು ಹರಿತವಾಗಿರಬಹುದು, ಆದ್ದರಿಂದ ಒಂದೊಂದನ್ನೂ ಸಣ್ಣ ವಜ್ರದ ಅರದಿಂದ ಉಜ್ಜಿ ನುಣುಪು ಮಾಡದೆ ಪೋಣಿಸುವುದು ವ್ಯರ್ಥ. ಬೇಸರದ ಕೆಲಸವೇ, ಆದರೂ ಅದನ್ನು ಬಿಟ್ಟವರ ಪಟ್ಟಿ ಬಹಳ ದಿನ ಬಾಳುವುದಿಲ್ಲ.

ದಾರದ ಈ ಮಹತ್ವ ಉತ್ಖನನ ಮಾಡಿದವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಮಣಿ ಸಾವಿರಾರು ವರ್ಷ ಬಾಳುತ್ತದೆ, ಹುರಿ ಕೊಳೆಯುತ್ತದೆ. ಆಗ ಉಳಿಯುವುದು ಕ್ರಮವಿಲ್ಲದ ಮಣಿಗಳ ರಾಶಿ. 1922ರ ನವೆಂಬರ್‌ನಲ್ಲಿ ಟುಟಾಂಖಾಮುನ್‌ನ ಸಮಾಧಿಯನ್ನು ಕಂಡುಹಿಡಿದ ಹೊವಾರ್ಡ್ ಕಾರ್ಟರ್ ಮತ್ತು ಅವರ ಸಂಗಡಿಗರು ಮಣಿಕೆಲಸದ ಮೇಲೆ ಕರಗಿದ ಪ್ಯಾರಾಫಿನ್ ಮೇಣವನ್ನು ಸುರಿದು, ಮಣಿಗಳು ಇದ್ದ ಜಾಗದಲ್ಲಿಯೇ ಹೆಪ್ಪುಗಟ್ಟುವಂತೆ ಮಾಡಿ ಮೇಲೆತ್ತಿದರು. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ ಗೀಜಾದ ಸಮಾಧಿಯೊಂದರಿಂದ ಬಂದ ಮಣಿಬಲೆಯ ಉಡುಪಿದೆ; ಖುಫು ಅರಸನ ಕಾಲದ ಮಹಿಳೆಯದಾದ ಅದನ್ನು ಸುಮಾರು 7000 ಮಣಿಗಳಿಂದ ಮತ್ತೆ ಕಟ್ಟಲಾಗಿದೆ. ನಾವು ಇಂದು ಗಾಜಿನ ಹಿಂದೆ ನೋಡುವ ಅನೇಕ ಹಾರಗಳ ಮಣಿ ಹಳೆಯದು, ದಾರ ಹೊಸದು. ಸಾಲಿನ ಕ್ರಮದ ಬಗ್ಗೆ ಯಾವುದಾದರೂ ಹಾರವನ್ನು ಪ್ರಮಾಣವಾಗಿ ಹಿಡಿಯುವ ಮೊದಲು ಅದನ್ನು ಯಾವಾಗ, ಯಾವ ಆಧಾರದ ಮೇಲೆ ಮರುಪೋಣಿಸಿದರೆಂದು ನೋಡುವುದು ಈಗ ನನ್ನ ಅಭ್ಯಾಸ.

ಎಲ್ಲ ಸಾಲುಗಳ ದಾರಗಳು ಎರಡು ತುದಿಗಳಲ್ಲಿ ಅರ್ಧಚಂದ್ರಾಕಾರದ ಬಿಲ್ಲೆಗಳಿಗೆ ಸೇರುತ್ತವೆ. ಬಿಲ್ಲೆಯ ನೇರ ಅಂಚಿನಲ್ಲಿ ಸಾಲಿಗೊಂದು ರಂಧ್ರ, ಬಾಗಿದ ತಲೆಯಲ್ಲಿ ಎಲ್ಲ ದಾರಗಳೂ ಕೂಡಿ ಹೊರಬರುವ ದ್ವಾರ. ಕೆಲವು ಪಟ್ಟಿಗಳಲ್ಲಿ ಈ ತುದಿಗಳು ಗಿಡುಗನ ತಲೆಗಳಾಗಿರುತ್ತವೆ. ನಾನು ಸರಳವಾದ ಅರ್ಧಚಂದ್ರವನ್ನೇ ಮಾಡಿದೆ, ಏಕೆಂದರೆ ಮಣಿಗಳ ಲಯದ ಪಕ್ಕದಲ್ಲಿ ಗಿಡುಗನ ಮುಖ ಕಣ್ಣನ್ನು ತನ್ನ ಕಡೆಗೇ ಸೆಳೆದುಕೊಳ್ಳುತ್ತದೆ. ಪಟ್ಟಿಯ ಭಾರವೆಲ್ಲ ಎದೆಯ ಕಡೆಗಿರುವುದರಿಂದ ಅದು ಮುಂದಕ್ಕೆ ಜಾರಿ ಕತ್ತಿನ ಹಿಂಭಾಗವನ್ನು ಕೊರೆಯುತ್ತದೆ. ಇದಕ್ಕೆ ಅವರು ಕಂಡುಕೊಂಡ ಪರಿಹಾರ ಬೆನ್ನಿನ ಮೇಲೆ ಇಳಿಬೀಳುವ ಸಮತೂಕದ ತೂಗುಪಟ್ಟಿ. ಚಿತ್ರಗಳಲ್ಲಿ ಅದನ್ನು ಅಲಂಕಾರವೆಂದೇ ನಾನು ನೋಡಿದ್ದೆ. ಕಟ್ಟಿ ತೊಟ್ಟ ಮೇಲೆ ಅದು ಯಂತ್ರದ ಭಾಗದಷ್ಟೇ ಅಗತ್ಯವೆನಿಸಿತು. ಮುಂದಿನ ಭಾರದ ಐದನೆಯ ಒಂದು ಪಾಲಿನಷ್ಟು ತೂಕವನ್ನು ಹಿಂದೆ ಉದ್ದನೆಯ ಹುರಿಗೆ ತೂಗಿಸಿದಾಗ ಪಟ್ಟಿ ನಿಂತಲ್ಲಿ ನಿಂತಿತು.

ಬಣ್ಣದ ವಿಷಯದಲ್ಲಿ ನನ್ನ ಮಾರ್ಗದರ್ಶಿ ವಾಹ್ ಎಂಬ ಅಧಿಕಾರಿಯ ಪಟ್ಟಿ. 1920ರಲ್ಲಿ ಥೀಬ್ಸ್‌ನಲ್ಲಿ ಕದಡದೆ ಸಿಕ್ಕ ಆತನ ಸಮಾಧಿಯಿಂದ ಬಂದ ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಚಿನ್ನವಿಲ್ಲ, ಬಗೆಬಗೆಯ ಕಲ್ಲುಗಳಿಲ್ಲ; ತುದಿಯ ಬಿಲ್ಲೆಗಳೂ ಸೇರಿ ಎಲ್ಲವೂ ನೀಲಿಹಸಿರು ಫಯಾನ್ಸ್. ಒಂದೇ ಬಣ್ಣದಲ್ಲಿಯೂ ಕುಲುಮೆ ಕೊಟ್ಟ ಸಣ್ಣಪುಟ್ಟ ಛಾಯಾಭೇದಗಳಿಂದ ಸಾಲು ಜೀವಂತವಾಗಿರುತ್ತದೆ ಎಂಬುದನ್ನು ಅದು ನನಗೆ ತೋರಿಸಿತು. ಅದನ್ನು ಕಂಡ ಮೇಲೆ ಕಾರ್ನೇಲಿಯನ್ನನ್ನು ಒಂದೇ ಸಾಲಿಗೆ ಮಿತಿಗೊಳಿಸಿ, ಕಪ್ಪನ್ನು ನಡುವಿನ ತೆಳು ಸರಗಳಿಗೆ ಮಾತ್ರ ಉಳಿಸಿಕೊಂಡೆ.

ಇನ್ನು ಚಿಹ್ನೆಗಳ ಮಾತು. ಲಾಹುನ್‌ನಲ್ಲಿ 1914ರಲ್ಲಿ ಸಿಕ್ಕ ರಾಜಕುಮಾರಿ ಸಿಟ್‌ಹಾಥೊರ್‌ಯೂನೆಟ್‌ಳ ಎದೆಪದಕದಲ್ಲಿ ಚಿನ್ನದ ಪುಟ್ಟ ಕೋಶಗಳಿಗೆ ಒಪ್ಪುವಂತೆ ಕತ್ತರಿಸಿದ 372 ಕಲ್ಲಿನ ತುಣುಕುಗಳಿವೆ. ಎರಡು ಗಿಡುಗಗಳ ನಡುವೆ ಎರಡನೆಯ ಸೆನುಸ್ರೆಟ್ ಅರಸನ ಹೆಸರಿದೆ. ಅಲ್ಲಿ ಪ್ರತಿಯೊಂದು ಆಕೃತಿಯೂ ಓದಲೆಂದೇ ಇಟ್ಟದ್ದು. 1922ರ ನಂತರ ಎದ್ದ ಈಜಿಪ್ಟಿನ ಗೀಳಿನಲ್ಲಿ ಬಂದ ಅಗ್ಗದ ಆಭರಣಗಳು ಆ ಲಿಪಿಯನ್ನು ಓದಲಾಗದ ಬರಿಯ ಗೀರುಗಳಾಗಿ ಮಾಡಿದವು. ಅದೇ ದಶಕದಲ್ಲಿ ಕಾರ್ಟಿಯೇ ಎಂಬ ಫ್ರೆಂಚ್ ಆಭರಣ ಸಂಸ್ಥೆ ಪ್ರಾಚೀನ ಫಯಾನ್ಸ್ ತುಣುಕುಗಳನ್ನೇ ವಜ್ರ ಮತ್ತು ಕಪ್ಪು ಓನಿಕ್ಸ್‌ಗಳ ಹೊಸ ಚೌಕಟ್ಟಿಗೆ ಕೂರಿಸಿತು. ಹಳೆಯ ವಸ್ತುಗಳನ್ನು ಹಾಗೆ ಬಳಸಿಕೊಳ್ಳುವುದು ನನ್ನ ಮನಸ್ಸಿಗೆ ಒಪ್ಪದಿದ್ದರೂ, ಅಲ್ಲಿನ ವಿನ್ಯಾಸಕಾರರು ಫಯಾನ್ಸಿನ ನೀಲಿಯನ್ನು ಅರ್ಥಮಾಡಿಕೊಂಡಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನ ಪಟ್ಟಿಯಲ್ಲಿ ಒಂದು ಕಣ್ಣೂ ಇಲ್ಲ, ಆಂಖ್ ಕೂಡ ಇಲ್ಲ. ನೋಡಿದವರು ಅದನ್ನು ಈಜಿಪ್ಟಿನದೆಂದು ಗುರುತಿಸುವುದು ಸಾಲುಗಳಿಂದಲೇ.

ತೊಡುವಾಗ ಬಿಳಿಯ ಅಥವಾ ಕೋರಾ ಬಣ್ಣದ ಲಿನನ್ ಉಡುಪನ್ನೇ ಆರಿಸುತ್ತೇನೆ. ಕತ್ತಿನ ಅಂಚು ಪಟ್ಟಿಯ ಕೆಳಗೆ ಪೂರ್ತಿ ಅಡಗುವಂತಿರಬೇಕು. ಕಾಲರು, ಗುಂಡಿಪಟ್ಟಿ, ಹೆಗಲಿನ ನೆರಿಗೆ ಯಾವುದಿದ್ದರೂ ಮಣಿಸಾಲು ಎತ್ತರತಗ್ಗಾಗುತ್ತದೆ. ಕಿವಿಗೆ ಏನನ್ನೂ ಹಾಕುವುದಿಲ್ಲ, ಕೈಗೆ ಬೇಕಾದರೆ ಅಗಲವಾದ ಒಂದು ಕಡಗ. ಉದ್ದ ಕೂದಲನ್ನು ಮೇಲೆ ಕಟ್ಟದಿದ್ದರೆ ಅದು ಹಿಂದಿನ ಹುರಿಗೆ ಸಿಕ್ಕಿಕೊಳ್ಳುತ್ತದೆ. ದಿನಬಳಕೆಗೆಂದು ಇದೇ ಲೆಕ್ಕದಲ್ಲಿ ಎರಡು ಸಾಲಿನ ಕಿರಿಯ ಪಟ್ಟಿಯನ್ನೂ ಮಾಡಿಕೊಂಡಿದ್ದೇನೆ; ಅದರ ಅಗಲ ಮೂರೂವರೆ ಸೆಂಟಿಮೀಟರ್ ಮಾತ್ರವಾದ್ದರಿಂದ ಸಮತೂಕದ ತೂಗುಪಟ್ಟಿಯ ಅಗತ್ಯ ಬೀಳುವುದಿಲ್ಲ, ಸಾದಾ ಕೊಂಡಿ ಸಾಕಾಗುತ್ತದೆ. ದೊಡ್ಡದನ್ನು ಎಂದಿಗೂ ನೇತುಹಾಕದೆ, ಅದರ ಕಾಗದದ ಮಾದರಿಯ ಮೇಲೆಯೇ ಮಲಗಿಸಿ ಇಡುತ್ತೇನೆ, ಮತ್ತು ಹುರಿ ಸವೆದಿದೆಯೇ ಎಂದು ತುದಿಬಿಲ್ಲೆಗಳ ಬಳಿ ಆಗಾಗ ನೋಡುತ್ತೇನೆ, ಏಕೆಂದರೆ ಅದು ಮೊದಲು ಸವೆಯುವುದು ಅಲ್ಲಿಯೇ.