ಆ ಕಾಗದ ಕೇಳಿದ್ದು ತಾಯಿಯೇ

ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಸೇರಿದ ಹೊಸದರಲ್ಲಿ ಒಂದು ತಪ್ಪು ಮಾಡಿದೆ. ತಪಾಸಣೆಗೆ ಬಂದಿದ್ದ ಗರ್ಭಿಣಿಯೊಬ್ಬರಿಗೆ ಚಿಕ್ಕಂದಿನಲ್ಲೇ ಜನನಾಂಗ ಛೇದನ ಆಗಿತ್ತು, ಅಂದರೆ ಸಂಪ್ರದಾಯದ ಹೆಸರಲ್ಲಿ ಹೆಣ್ಣುಮಗುವಿನ ಜನನಾಂಗದ ಭಾಗ ಕೊಯ್ಯುವುದು. ಕೊಯ್ದು ಹೊಲಿದಿದ್ದ ಜಾಗ ಗಟ್ಟಿ ಗೆರೆಯಾಗಿ ಕೂತಿತ್ತು. ನೋಡಿದವಳೇ "ಅಯ್ಯೋ" ಅಂದುಬಿಟ್ಟೆ. ಅವರು ಬಟ್ಟೆ ಎಳೆದುಕೊಂಡು ಗೋಡೆ ಕಡೆ ತಿರುಗಿದರು. ಮತ್ತೆ ಬರಲೇ ಇಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ ಅಂತ ಅವರ ಚೀಟಿಯಲ್ಲಿತ್ತು. ಆ ಮಗುವಿಗೂ ಹೀಗೆ ಮಾಡಿಸಬೇಡಿ ಅಂತ ಮಾತಾಡೋ ಅವಕಾಶವನ್ನು ನಾನೇ ಕಳೆದುಕೊಂಡೆ.

ಈಗ ಮುಖ ಬದಲಿಸದೆ ಕೇಳುತ್ತೇನೆ. ಬಿಪಿ, ಸಕ್ಕರೆ, ಹಿಂದಿನ ಹೆರಿಗೆ, ಅದೇ ಸಾಲಿನಲ್ಲಿ "ಚಿಕ್ಕವರಿದ್ದಾಗ ನಿಮಗೆ ಅಲ್ಲಿ ಕೊಯ್ದಿದ್ದರಾ?" ಎಲ್ಲರಿಗೂ ಇದೇ ಪ್ರಶ್ನೆ, ಹಾಗಾಗಿ ಯಾರಿಗೂ ತನ್ನನ್ನೇ ಬೊಟ್ಟು ಮಾಡಿದ ಹಾಗೆ ಅನ್ನಿಸುವುದಿಲ್ಲ. ಇದನ್ನು ಕೆಲವರು ಖತ್ನಾ ಅನ್ನುತ್ತಾರೆ, ಕೆಲವರು ಸುನ್ನಾ. ಅವರ ಪದವೇ ನನ್ನ ಪದ. ಗಂಡ, ಅತ್ತೆ ಯಾರೇ ಬಂದಿರಲಿ, ಆ ಹೊತ್ತು ಹೊರಗೆ ಕೂರುತ್ತಾರೆ. ಭಾಷೆ ಬಾರದಿದ್ದರೆ ಹೊರಗಿನ ದುಭಾಷಿಯನ್ನು ಕರೆಸುತ್ತೇವೆ, ಮನೆಯವರನ್ನಲ್ಲ.

ಹೌದು ಅಂದರೆ ಮೊದಲು ಅವರ ನೋವಿನ ಮಾತು. ಮೂತ್ರಕ್ಕೆ ಹೋದರೆ ಹನಿಹನಿ, ಮುಟ್ಟಿನಲ್ಲಿ ತಡೆಯಲಾರದ ನೋವು, ಪದೇ ಪದೇ ಸೋಂಕು. ಇದೆಲ್ಲ ಆ ಕೊಯ್ತದಿಂದಲೇ ಅಂತ ಎಷ್ಟೋ ಜನರಿಗೆ ಯಾರೂ ಹೇಳಿರುವುದೇ ಇಲ್ಲ. ಅದು ಗೊತ್ತಾದ ಮೇಲೆ ಮಗಳ ಮಾತು ತಾನಾಗೇ ಬರುತ್ತದೆ. ಯುನಿಸೆಫ್ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 23 ಕೋಟಿಗೂ ಜಾಸ್ತಿ ಹೆಣ್ಣುಮಕ್ಕಳು ಇದನ್ನು ಅನುಭವಿಸಿದ್ದಾರೆ. ಹೆಚ್ಚಿನವರಿಗೆ ಹದಿನೈದು ತುಂಬುವ ಮೊದಲೇ. ಡಾಕ್ಟರ ಕೈಯಲ್ಲಿ ಮಾಡಿಸಿದರೆ ಪರವಾಗಿಲ್ಲ ಅಲ್ವಾ ಅಂತ ಕೇಳುವವರಿದ್ದಾರೆ. ಇಲ್ಲ, ಪರವಾಗಿಲ್ಲ ಅನ್ನುವಂತಿಲ್ಲ. ಬ್ಲೇಡು ಶುದ್ಧವಾಗಿದ್ದರೂ ಹೋದ ಅಂಗ ಹೋದದ್ದೇ.

ಒಬ್ಬ ತಾಯಿ ಮಾತ್ರ ನನಗೇ ದಾರಿ ತೋರಿಸಿದರು. ಮಗಳಿಗೆ ಏಳು ವರ್ಷ, ರಜೆಗೆ ಅಜ್ಜಿ ಮನೆಗೆ ಹೊರಟಿದ್ದರು. "ನನಗೆ ಬೇಡ ಅಂತ ಅನ್ನಿಸುತ್ತೆ. ಆದರೆ ಅತ್ತೆ ಎದುರು ಬಾಯಿ ಬರಲ್ಲ. ಒಂದು ಕಾಗದ ಕೊಡಿ" ಅಂದರು. ನೆದರ್‌ಲ್ಯಾಂಡ್ಸ್, ಬ್ರಿಟನ್ ಸರ್ಕಾರಗಳು ಇಂಥದ್ದನ್ನೇ ಅಚ್ಚು ಹಾಕಿಸಿ ಪ್ರಯಾಣ ಹೊರಟವರಿಗೆ ಕೊಡುತ್ತವೆ. ನಮ್ಮ ಡಾಕ್ಟರು ಆಸ್ಪತ್ರೆ ಹಾಳೆಯಲ್ಲಿ ನಾಲ್ಕು ಸಾಲು ಬರೆದರು: ಈ ಮಗುವಿಗೆ ಕೊಯ್ಯುವುದು ಆರೋಗ್ಯಕ್ಕೆ ಹಾನಿ, ಕಾನೂನಿನಲ್ಲಿ ಅಪರಾಧ, ವಾಪಸ್ ಬಂದ ಮೇಲೆ ತಪಾಸಣೆಗೆ ಬರಬೇಕು. ಸಹಿ, ಸೀಲು. "ಬೈಯೋದಿದ್ದರೆ ನಮ್ಮನ್ನು ಬೈಯಲಿ" ಅಂದೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಪಾಸ್‌ಪೋರ್ಟಿನ ಒಳಗಿಟ್ಟುಕೊಂಡರು.

ಎಲ್ಲ ಕಡೆ ಕಾಗದ ಸಾಲದು. ಹುಡುಗಿಯೇ "ಊರಿಗೆ ಹೋದಾಗ ನನಗೊಂದು ಶಾಸ್ತ್ರ ಇದೆಯಂತೆ, ಯಾರಿಗೂ ಹೇಳಬಾರದಂತೆ" ಅಂದರೆ, ನಾನು ಗುಟ್ಟು ಕಾಯುತ್ತೇನೆ ಅಂತ ಮಾತು ಕೊಡುವುದಿಲ್ಲ. ಮನೆಯವರಿಗೂ ಫೋನ್ ಮಾಡುವುದಿಲ್ಲ, ಗೊತ್ತಾದರೆ ಅವರು ಇನ್ನೂ ಬೇಗ ಹೊರಟುಬಿಡಬಹುದು. ಅವಳ ಮಾತನ್ನು ಅವಳದೇ ಪದಗಳಲ್ಲಿ ಬರೆದು ಅವತ್ತೇ ಮಕ್ಕಳ ರಕ್ಷಣಾ ಅಧಿಕಾರಿಗೆ ತಿಳಿಸುತ್ತೇನೆ.

ಕಾಗದ ಒಯ್ದ ತಾಯಿ ರಜೆ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಬಂದರು. ಏನೂ ಆಗಿರಲಿಲ್ಲ. ಹಾಳೆ ಮಡಿಕೆಯಲ್ಲಿ ಹರಿಯುವಂತಾಗಿತ್ತು. ನಾದಿನಿಗೂ ಇಬ್ಬರು ಹೆಣ್ಣುಮಕ್ಕಳು, ಅವರಿಗೂ ಒಂದು ಬೇಕು ಅಂದರು. ಬರೆಸಿಕೊಟ್ಟೆ. ಹುಡುಗಿಯ ಫೈಲಿನ ಮೇಲೆ ಮುಂದಿನ ರಜೆಯ ತಾರೀಕು ಗುರುತು ಹಾಕಿದ್ದೇನೆ.